ನಿಮ್ಮ ಹೆಸರಿಗೊಂದು ಒಡಪು

ಕಮಲಾಪುರ
ಖರ ನಾಮ ಸಂವತ್ಸರ, ಪುಷ್ಯ ಬಹುಳ ಏಕಾದಶಿ
(ನಿಮ್ಮ ಕಚೇರಿಯವರ ಪ್ರಕಾರ ಜನವರಿ ೧೯೫೨)

ಯಜಮಾನರ ಪಾದಗಳಿಗೆ ಪಾರ್ವತಿಯ ನಮಸ್ಕಾರಗಳು.

ಇಲ್ಲಿ ನಾನು ಕ್ಷೇಮ. ನೀವೂ ಕ್ಷೇಮವಾಗಿರಬೇಕು, ವೋಟಿನ ಡಬ್ಬಿಗಳ ಎಣಿಕೆ ಮುಗಿಯುವ ತನಕವಾದರೂ ಇರಬೇಕು.

ನಿಮ್ಮ ಪತ್ರವನ್ನು ದತ್ತಪ್ಪ ತಂದುಕೊಟ್ಟಿದ್ದ. ಊರಲ್ಲಿ ನಿಮ್ಮ ಪ್ರಚಾರವನ್ನೆಲ್ಲ ತಲೆಯ ಮೇಲೆ ಹೊತ್ತು ತಿರುಗುವವನು, ನನ್ನ ಹೊಸ್ತಿಲು ಮಾತ್ರ ದಾಟಲಿಲ್ಲ, ಹೊರಗೇ ನಿಂತು ಕೊಟ್ಟು ಹೋದ. ಬಿಡಿಸಿ ನೋಡಿದರೆ ಮೊದಲ ಸಾಲೇ ‘ನನ್ನ ಪ್ರೀತಿಯ ಪಾರೂ’. ಬೇರೆ ಯಾರದೋ ಪತ್ರ ತಪ್ಪಿ ಬಂತೇನೋ ಎಂದು ಮಡಿಚಿ, ಮೇಲಿನ ಹೆಸರನ್ನು ಮತ್ತೊಮ್ಮೆ ಓದಿದೆ. ನನ್ನದೇ. ಮೂರು ವರ್ಷದಲ್ಲಿ ನೀವು ನನಗೆ ಬರೆದ ಮೊದಲ ಪತ್ರ. ಈ ಚುನಾವಣೆ ಎಂಬುದು ದೊಡ್ಡದೇ ಇರಬೇಕು. ನಮ್ಮಪ್ಪ ಕಲಬುರ್ಗಿಗೆ ಬಂದು ನಿಮ್ಮ ಕಾಲು ಹಿಡಿದಾಗ ನೆನಪಿಗೆ ಬಾರದ ಹೆಸರು ಅದರಿಂದ ನೆನಪಿಗೆ ಬಂತು.

ನೀವು ಕೇಳಿದ್ದು ಇಷ್ಟು. ಸಂಕ್ರಮಣದ ಅರಿಶಿನ-ಕುಂಕುಮಕ್ಕೆ ನೀಲಗಂಗಮ್ಮನ ಮನೆಯ ಅಂಗಳದಲ್ಲಿ ಊರಿನ ಹೆಣ್ಣುಮಕ್ಕಳೆಲ್ಲ ಸೇರುತ್ತಾರೆ. ಅಲ್ಲಿ ನಾನು ಎದ್ದು ನಿಂತು ನಿಮ್ಮ ಹೆಸರು ಸೇರಿಸಿ ಒಂದು ಒಡಪು ಹೇಳಬೇಕು. ಒಡಪಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬುದು ನಿಮಗಿನ್ನೂ ನೆನಪಿದೆಯಲ್ಲ, ಸಂತೋಷ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದ ನಮಗೆ ಇರುವ ಒಂದೇ ಕಿಂಡಿ ಅದು. ಪ್ರಾಸ ಕಟ್ಟಿ, ಅದರೊಳಗೆ ಹೆಸರನ್ನು ಕೂಡಿಸಿ ಹೇಳಿದರೆ ದೋಷವಿಲ್ಲ, ಎಲ್ಲರೂ ನಗುತ್ತಾರೆ.

ಈ ನಗು ನಿಮಗೆ ಯಾಕೆ ಬೇಕಾಯಿತು ಎಂಬುದೂ ಪತ್ರದಲ್ಲಿತ್ತು. ನಿಮ್ಮೆದುರು ನಿಂತ ದೇಶಮುಖರ ಕಡೆಯವರು ಓಣಿ ಓಣಿಯಲ್ಲಿ ಎರಡು ಮಾತು ಹಬ್ಬಿಸಿದ್ದರು. ಕೈಹಿಡಿದವಳನ್ನು ಕಮಲಾಪುರದಲ್ಲಿ ಬಿಟ್ಟು, ಕಲಬುರ್ಗಿ ಕೋಟೆಯ ಮಗ್ಗುಲಲ್ಲಿ ಇನ್ನೊಬ್ಬಳ ಸಂಗಡ ಸಂಸಾರ ಹೂಡಿದವನು ಊರಿಗೇನು ಮಾಡಿಯಾನು ಎಂಬುದು ಒಂದು. ಸತ್ತುಹೋದ ನಬಿಸಾಬನ ಕೆಂಪು ಬಾಳೆಯ ತೋಟ ಇವನ ಕೈಗೆ ಹೇಗೆ ಬಂತು ಎಂಬುದು ಇನ್ನೊಂದು. ಹೆಂಡತಿಯ ಬಾಯಿಂದ ಒಂದು ಒಳ್ಳೆಯ ಒಡಪು ಬಂದರೆ ಎರಡೂ ಮಾತು ಅಡಗುತ್ತವೆ ಎಂದು ನಿಮ್ಮ ಎಣಿಕೆ. ಅದಕ್ಕೆ ಪ್ರತಿಯಾಗಿ ಊರಿಗೆ ಬಾಣಂತಿಯರ ದವಾಖಾನೆ. ಕಟ್ಟಡ ಆಮೇಲೆ, ಗೆದ್ದ ವಾರದಲ್ಲೇ ಡಾಕ್ಟರಮ್ಮ ಬಂದು ಚಾವಡಿಯಲ್ಲಿ ಕೂರುತ್ತಾಳೆ ಎಂದು ಡಂಗುರ ಹೊಡೆಸಿದ್ದೀರಿ. ನನಗೆ ನಿಮ್ಮ ಕೋಟೆಯ ಮಗ್ಗುಲ ಮನೆಯಲ್ಲಿ ಮಹಡಿಯ ಕೋಣೆ. ಆಕೆ ಕೆಳಗಿರುತ್ತಾಳೆ, ನೀನು ಮೇಲಿರು ಎಂದು ಬರೆದಿದ್ದೀರಿ. ಎಷ್ಟು ವಿಚಾರ ಮಾಡಿ ಬರೆದಿದ್ದೀರಿ ಪಾಪ.

ನಾನು ಏನು ಮಾಡಿದೆ ಎಂದು ದತ್ತಪ್ಪ ಹೇಳಿಯೇ ಇರುತ್ತಾನೆ. ಯಾಕೆ ಮಾಡಿದೆ ಎಂಬುದು ಅವನಿಗೆ ಗೊತ್ತಿಲ್ಲ. ಅದನ್ನು ಬರೆಯುತ್ತೇನೆ. ಓದುವಾಗ ಹತ್ತಿರ ಯಾರೂ ಇಲ್ಲದಂತೆ ನೋಡಿಕೊಳ್ಳಿ, ಆಕೆಯೂ ಬೇಡ.

ನಿಜಾಮರ ಕಡೆಯ ರಜಾಕಾರರ ಹಾವಳಿ ಶುರುವಾದಾಗ ನೀವು ಸೋಲಾಪುರದ ಕಡೆ ದಾಟಿದಿರಿ. ಗಂಡಸರು ಬಹಳ ಜನ ದಾಟುತ್ತಿದ್ದರು, ಅದನ್ನು ತಪ್ಪೆನ್ನುವುದಿಲ್ಲ. ಅತ್ತೆಯವರಿಗೂ ನನಗೂ ಬಾಗಿಲು ಹಾಕಿಕೊಂಡಿರಿ ಎಂದು ಹೇಳಿ ಹೋದಿರಿ. ಬಾಗಿಲು ಒಡೆಯಲೆಂದೇ ಬರುವವರಿಗೆ ಬಾಗಿಲು ಹಾಕಿದ್ದರೇನು, ತೆರೆದಿದ್ದರೇನು? ಅವರು ಊರಿಗೆ ಬರುತ್ತಾರೆಂಬ ಸುದ್ದಿ ಹತ್ತಿದ ಕೂಡಲೇ ನಬಿಸಾಬ್ ಹಿತ್ತಲಿಂದ ಬಂದು ನಮ್ಮಿಬ್ಬರನ್ನೂ ತನ್ನ ತೋಟದ ಗುಡಿಸಲಿಗೆ ಕರೆದೊಯ್ದ. ಅವರು ತೋಟಕ್ಕೂ ಬಂದರು. ಇಲ್ಲಿ ನನ್ನ ಹೆಂಡತಿ ಮಗಳ ಹೊರತು ಹೆಂಗಸರು ಯಾರೂ ಇಲ್ಲ ಎಂದು ಅವನು ಕುರಾನಿನ ಮೇಲೆ ಆಣೆ ಮಾಡಿದ. ಆ ಸುಳ್ಳು ಆಣೆಗೆ ಮೇಲೆ ಲೆಕ್ಕ ಕೊಡಬೇಕಾದೀತು ಎಂದು ಆಮೇಲೆ ಎಷ್ಟೋ ದಿನ ಕೊರಗುತ್ತಿದ್ದ.

ಅತ್ತೆಯವರ ಮಡಿ ಅವನಿಗೆ ಗೊತ್ತಿತ್ತು. ಬಾಳೆಯ ಗೊನೆಯನ್ನು ತಾನು ಮುಟ್ಟುತ್ತಿರಲಿಲ್ಲ. ಕುಡುಗೋಲನ್ನು ನೆಲದ ಮೇಲಿಟ್ಟು, ದೂರ ಸರಿದು ನಿಂತು, ನೀವೇ ಕೊಯ್ದುಕೊಳ್ಳಿ ಅವ್ವಾ, ಹಣ್ಣಿಗೆ ಮಡಿ ಇಲ್ಲ ಎನ್ನುತ್ತಿದ್ದ. ನಿಮ್ಮ ತಾಯಿ ಆ ಕೆಂಪು ಬಾಳೆಹಣ್ಣು ತಿಂದೇ ಬದುಕಿ ಉಳಿದರು. ನಾನು ಮಾತ್ರ ಅವನ ಹೆಂಡತಿ ಖಾಜಾಬಿ ಬಡಿದ ಜೋಳದ ರೊಟ್ಟಿಯನ್ನೂ ತಿಂದೆ. ಹಸಿವಾಗಿತ್ತು, ರೊಟ್ಟಿ ರುಚಿಯಾಗಿತ್ತು.

ಆಮೇಲೆ ಪೊಲೀಸ್ ಆಕ್ಷನ್ ಆಯಿತು, ನಿಜಾಮರ ಆಳ್ವಿಕೆ ಹೋಯಿತು. ನೀವು ಬಾವುಟ ಹಿಡಿದು ಬಂದಿರಿ. ಕೊರಳಲ್ಲಿ ಹಾರ, ಹಿಂದೊಂದು ಗುಂಪು, ಗುಂಪಿನವರ ಕೈಯಲ್ಲಿ ಕೊಡಲಿ. ಆ ಹೊತ್ತಿಗೆ ಅಡಗಿಕೊಳ್ಳುವ ಪಾಳಿ ನಬಿಸಾಬನದಾಗಿತ್ತು. ನಮ್ಮನ್ನು ಬಚ್ಚಿಟ್ಟ ಅದೇ ತೋಟದ ಬಾಳೆಗಳ ನಡುವೆ ಅವನಿದ್ದ. ಈ ಸಲ ಖಾಜಾಬಿಗೆ ರೊಟ್ಟಿ ಕೊಡಲು ಹೋದವಳು ನಾನು. ಗುಡಿಸಲಿನ ಒಳಗೆ ಅವಳ ಬಾಯಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದೆ. ಹೌದು, ಗುಡಿಸಲಿನಲ್ಲಿ ನಾನಿದ್ದೆ. ಇದು ನಿಮಗೆ ಈಗಲೇ ತಿಳಿಯುತ್ತಿದೆ, ಒಂದು ಗುಟುಕು ನೀರು ಕುಡಿದು ಮುಂದೆ ಓದಿ.

ಗುಂಪು ಎಷ್ಟು ಕೂಗಿದರೂ, ಎಷ್ಟು ಬೈದರೂ ಅವನು ಹೊರಗೆ ಬರಲಿಲ್ಲ. ಆಮೇಲೆ ಎಲ್ಲರೂ ಸುಮ್ಮನಾದರು. ಒಂದೇ ಒಂದು ದನಿ ಬಂತು, ಮೆತ್ತಗಿನ ದನಿ.

"ನಬಿ ಚಾಚಾ, ನಾ ಬಂದೀನಿ. ಇನ್ನ ಹೆದರಬ್ಯಾಡ, ಹೊರಗ ಬಾ."

ಹೆಸರು ಹಿಡಿದು ಕರೆದ ಆ ದನಿಗೆ ಅವನು ಬಂದ. ತಾನು ಯಾರ ತಾಯಿಯನ್ನು ಉಳಿಸಿದ್ದೆನೋ ಅವರೇ ಬಂದರು ಎಂಬ ನಂಬಿಕೆಯಲ್ಲಿ, ಕೈಯ ಮಣ್ಣು ಒರೆಸಿಕೊಳ್ಳುತ್ತ ಬಂದ. ಅವನನ್ನು ಅವನದೇ ಬಾವಿಗೆ ಕೆಡವಿ ಮೇಲೆ ಕಲ್ಲು ಹಾಕಿದರು. ನೀವು ಕಲ್ಲು ಹಾಕಲಿಲ್ಲ. ಅದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ನೀವು ಕರೆದಿರಿ, ಅಷ್ಟೇ.

ಆ ಚಳಿಗಾಲದಲ್ಲಿ ವಿಚಾರಣೆಗೆಂದು ಬೇರೆ ಪ್ರಾಂತದ ಅಧಿಕಾರಿಯೊಬ್ಬರು ಬಂದರು. ಚಾವಡಿಯಲ್ಲಿ ಕೂತು ಒಬ್ಬೊಬ್ಬರನ್ನೇ ಕರೆದು ಕೇಳಿದರು. ಅವರಿಗೆ ನಮ್ಮ ಮಾತು ಬಾರದು, ನಡುವೆ ಒಬ್ಬ ದುಭಾಷಿ. ಖಾಜಾಬಿಯನ್ನು ಕೇಳಿದಾಗ ಮಗಳನ್ನು ಅವುಚಿಕೊಂಡು, ನನಗೇನೂ ಕಾಣಲಿಲ್ಲ ಎಂದಳು. ಅವಳು ಇದೇ ಊರಲ್ಲಿ, ನಿಮ್ಮ ಕಣ್ಣ ಮುಂದೆ ಬದುಕಬೇಕಲ್ಲ. ಆಮೇಲೆ ನನ್ನನ್ನು ಕರೆದರು. ನಬಿಸಾಬನನ್ನು ಹೊರಗೆ ಕರೆದವರು ಯಾರೆಂದು ಗೊತ್ತೇ ಎಂದು ಕೇಳಿದರು. ನಾನು ಹೇಳಿದೆ.

"ಗೊತ್ತದರಿ. ಅವರ ಹೆಸರ ನಾ ಹೇಳಬಾರದರಿ."

ಈ ಊರಿನ ಯಾವ ಹೆಂಗಸಿಗಾದರೂ ಇದರ ಅರ್ಥ ಆಗುತ್ತಿತ್ತು. ಎಮ್ಮೆ ಕಾಯುವ ಮುದುಕನಿಗೂ ಆಗುತ್ತಿತ್ತು. ಕುಂಕುಮ ಇಟ್ಟ ಹೆಂಗಸು, ತಾನು ಹೆಸರು ಹೇಳಬಾರದವರು ಎಂದರೆ ಇನ್ನು ಯಾರು? ಅದಕ್ಕಿಂತ ಬಿಡಿಸಿ ಹೇಳಲು ನನಗೆ ಬರುತ್ತಿರಲಿಲ್ಲ. ದುಭಾಷಿ ಅದನ್ನು, ಹೆಸರು ಹೇಳುವುದಿಲ್ಲ ಅಂತಾಳೆ ಎಂದು ತಿರುಗಿಸಿದ. ತಿಳಿಯದೆ ತಿರುಗಿಸಿದನೋ, ತಿಳಿದೂ ತಿರುಗಿಸಿದನೋ, ಆ ಜಾಣನಿಗೇ ಗೊತ್ತು. ಹೆಂಗಸು ಹೆದರಿದ್ದಾಳೆ ಎಂದುಕೊಂಡು ಅಧಿಕಾರಿ ನನಗೆ ನೀರು ಕೊಡಿಸಿ ಕಳಿಸಿದರು. ಬಾಗಿಲ ಮರೆಯಲ್ಲಿ ನಿಂತಿದ್ದ ಖಾಜಾಬಿ ಒಬ್ಬಳಿಗೆ ನಾನು ಹೇಳಿದ್ದು ಮುಟ್ಟಿತು. ನೀವು ಮಾತ್ರ, ಹೆಂಡತಿ ಎಂದರೆ ಹೀಗಿರಬೇಕು, ಸರಕಾರದವರು ಕೇಳಿದರೂ ಬಾಯಿ ಬಿಡಲಿಲ್ಲ ಎಂದು ಗೆಳೆಯರ ಮುಂದೆ ಹೊಗಳಿದಿರಂತೆ. ನಾನು ಬಾಯಿ ಬಿಟ್ಟೇ ಇದ್ದೆ, ಕೇಳುವವರಿಗೆ ಕಿವಿ ಇರಲಿಲ್ಲ.

ಆ ಹೊಗಳಿಕೆ ಬಹಳ ದಿನ ನಡೆಯಲಿಲ್ಲ. ಮುಸಲ್ಮಾನರ ಮನೆಯ ರೊಟ್ಟಿ ತಿಂದವಳು ಎಂದು ನನ್ನನ್ನು ಮೊದಲು ಅಡುಗೆಮನೆಯಿಂದ ಹೊರಗಿಟ್ಟಿರಿ, ಆಮೇಲೆ ಹಾಸಿಗೆಯಿಂದ. ಕಡೆಗೆ ಕಲಬುರ್ಗಿಯಲ್ಲಿ ಬಾಸಿಂಗ ಕಟ್ಟಿಕೊಂಡಿರಿ. ಆ ರೊಟ್ಟಿಗೆ ಜಾತಿ ಇತ್ತು, ತೋಟಕ್ಕೆ ಇರಲಿಲ್ಲ. ನಬಿಸಾಬ್ ನೆಟ್ಟ ಬಾಳೆಯ ಗೊನೆಗಳು ಇವತ್ತಿಗೂ ನಿಮ್ಮ ಗಾಡಿಯಲ್ಲೇ ಕಲಬುರ್ಗಿಯ ಪೇಟೆಗೆ ಹೋಗುತ್ತವೆ. ಆಕೆಯೂ ತಿನ್ನುತ್ತಿರಬೇಕು. ಒಳ್ಳೆಯ ಹಣ್ಣು, ತಿನ್ನಲಿ ಬಿಡಿ.

ಇಷ್ಟೆಲ್ಲ ಹೊಟ್ಟೆಯಲ್ಲಿಟ್ಟುಕೊಂಡವಳು ನಿಮಗೆ ವೋಟು ಹಾಕುವುದುಂಟೆ? ದೇಶಮುಖರ ಡಬ್ಬಿಗೆ ಹಾಕಿ ಕೈತೊಳೆದುಕೊಳ್ಳುವುದೆಂದೇ ಇದ್ದೆ. ಅವರ ಮನೆಯಿಂದ ನನಗೊಂದು ಇಳಕಲ್ ಸೀರೆಯೂ ಬಂದಿತ್ತು. ಅದೇ ಸಂಕ್ರಮಣದ ಸಭೆಯಲ್ಲಿ ನಾನು ನಿಮ್ಮ ಮಾನ ಕಳೆಯಬೇಕು ಎಂದು ಅವರ ಬಯಕೆ. ಸೀರೆಯನ್ನು ತಿರುಗಿ ಕಳಿಸಿದೆ. ನಿಮ್ಮ ಮಾನ ಕಳೆಯಲು ನನಗೆ ಇನ್ನೊಬ್ಬರ ಸೀರೆ ಯಾಕೆ ಬೇಕು? ಆದರೆ ಕೂತು ನೋಡಿದರೆ, ದೇಶಮುಖರು ಗೆದ್ದರೆ ಈ ಊರಿಗೆ ಬರುವುದು ಏನೂ ಇಲ್ಲ. ಅವರ ಮನೆಯ ಹೆಣ್ಣುಮಕ್ಕಳು ಹೆರಲು ಮೋಟಾರಿನಲ್ಲಿ ಹೈದರಾಬಾದಿಗೆ ಹೋಗುತ್ತಾರೆ. ನಮ್ಮವರು ಎತ್ತಿನ ಗಾಡಿಯಲ್ಲಿ ಕಲಬುರ್ಗಿಗೆ ಹೊರಡುತ್ತಾರೆ, ಅರ್ಧ ದಾರಿಯಿಂದ ಮುಖದ ಮೇಲೆ ಸೆರಗು ಎಳೆಸಿಕೊಂಡು ತಿರುಗಿ ಬರುತ್ತಾರೆ. ಸೂಲಗಿತ್ತಿ ಬಂಡೆಮ್ಮನನ್ನು ಯಾರಿಗೆ ಹಾಕುತ್ತೀ ಎಂದು ಕೇಳಿದೆ. ಅವಳು ತನ್ನ ಎರಡೂ ಕೈಗಳನ್ನು ನನ್ನ ಮುಂದೆ ಹಿಡಿದಳು. ಕೂಸು ಅಡ್ಡ ನಿಂತರೆ ಈ ಕೈ ಸಾಲುವುದಿಲ್ಲ, ಡಾಕ್ಟರಮ್ಮನನ್ನು ತರುವವನು ಕಳ್ಳನಾದರೂ ನನ್ನ ಚೀಟಿ ಅವನಿಗೇ ಎಂದಳು. ಓಣಿಯ ಹೆಂಗಸರೆಲ್ಲರ ಮಾತೂ ಅದೇ ಆಗಿತ್ತು. ಹಾಗಿದ್ದರೂ ನಾನು ಮೆತ್ತಗಾಗಲಿಲ್ಲ. ಊರಿಗೆ ಬೇಕಾದದ್ದು ನನಗೆ ಬೇಡ ಎನ್ನುವಷ್ಟು ಹಟ ನನ್ನಲ್ಲಿತ್ತು.

ಆಮೇಲೆ ಖಾಜಾಬಿ ಬಂದಳು. ಬೆಳಗಿನ ಹೊತ್ತು, ಹಿತ್ತಲ ಬಾಗಿಲಿಗೆ, ಮಗಳು ಬೀಬೀಜಾನಳನ್ನು ಮುಂದಿಟ್ಟುಕೊಂಡು ಬಂದಳು. ಹುಡುಗಿ ಬಸುರಿ, ಏಳು ತುಂಬಿತ್ತು. ಪಾದಗಳು ಬಾತು ಚಪ್ಪಲಿ ಮೆಟ್ಟಲಾಗದೆ ಬರಿಗಾಲಲ್ಲಿ ನಿಂತಿದ್ದಳು. ಕೂಸು ಅಡ್ಡ ಇದೆ ಎಂದು ಬಂಡೆಮ್ಮ ಆಗಲೇ ಹೇಳಿದ್ದಳು. ಖಾಜಾಬಿ ಬಂದದ್ದು ಯಾಕೆಂದರೆ, ನಾನು ಸಂಕ್ರಮಣದ ದಿನ ನಿಮ್ಮ ಹೆಸರಿಗೆ ಒಳ್ಳೆಯ ಒಡಪು ಹೇಳಬೇಕು ಎಂದು ಬೇಡಿಕೊಳ್ಳಲು. ತನ್ನ ಓಣಿಯ ಮನೆಮನೆಗೆ ಅವಳೇ ಹೋಗಿ ನಿಮ್ಮ ಡಬ್ಬಿಗೆ ಹಾಕಿರೆಂದು ಹೇಳುತ್ತಾಳಂತೆ, ನಾನೊಬ್ಬಳು ಕೆಡಿಸಬಾರದಂತೆ.

ನನಗೆ ಸಿಟ್ಟು ನೆತ್ತಿಗೇರಿತು. ಯಾರಿಗೆ ವೋಟು ಕೇಳುತ್ತಿದ್ದೀ ಎಂಬ ಎಚ್ಚರ ಇದೆಯೇನು, ಆ ದನಿಯನ್ನು ನೀನು ಮರೆತೆಯಾ, ಆ ಬಾವಿಯ ಪಕ್ಕದಲ್ಲೇ ನಡೆದು ಬಂದೆಯಲ್ಲ ಎಂದು ಬಾಯಿಗೆ ಬಂದಂತೆ ಅಂದೆ. ಹುಡುಗಿ ಅಳಲು ಶುರು ಮಾಡಿದಳು. ಖಾಜಾಬಿ ಅಳಲಿಲ್ಲ.

"ಸತ್ತವರು ವೋಟ ಹಾಕಲ್ಲರಿ ಬಾಯಾರ" ಎಂದಳು. "ಇದರ ಹೊಟ್ಟ್ಯಾಗಿಂದು ಮೊದಲ ಹೊರಗ ಬರಲಿ. ಬಂದ ಮ್ಯಾಲ ನೀವು ಏನ ಬೇಕಾದ್ದು ಹೇಳ್ರಿ, ನಾನೂ ನಿಮ್ಮ ಬಾಜೂಕ ನಿಂತು ಹೇಳತೀನಿ. ಅಲ್ಲೀತನ ಬಾಯಿ ಮುಚ್ಚಿಕೊಂಡು ಇರ್ರಿ."

ನನಗೆ ಅಷ್ಟು ಗಟ್ಟಿಯಾಗಿ ಹೇಳಿದವರು ಇಲ್ಲಿಯ ತನಕ ಯಾರೂ ಇಲ್ಲ. ಗಂಡನನ್ನು ಕರೆದು ಕೊಲ್ಲಿಸಿದವರನ್ನು ಗೆಲ್ಲಿಸು ಎಂದು ಬೇಡುವ ಸ್ಥಿತಿಗೆ ಅವಳನ್ನು ತಂದವರು ನೀವು. ಅದನ್ನು ನೋಡುತ್ತ ನಿಲ್ಲುವ ಸ್ಥಿತಿಗೆ ನನ್ನನ್ನು ತಂದಿರಿ. ಆ ಹೊತ್ತಿನಲ್ಲಿ ನಿಮ್ಮನ್ನು ನಾನು ದ್ವೇಷಿಸಿದಷ್ಟು ಬಾವಿಯ ದಿನವೂ ದ್ವೇಷಿಸಿರಲಿಲ್ಲ.

ಸಂಕ್ರಮಣದ ದಿನ ನೀಲಗಂಗಮ್ಮನ ಅಂಗಳ ತುಂಬಿತ್ತು. ಕುಸುರೆಳ್ಳು ಹಂಚಿದರು, ಕುಂಕುಮ ಹಚ್ಚಿದರು. ಖಾಜಾಬಿಗೆ ಒಳಗೆ ಬರುವ ಹಕ್ಕಿಲ್ಲ, ಹೊರಗೋಡೆಯ ಆಚೆ ನಿಂತಿದ್ದಳು, ಅವಳ ತಲೆಯ ಮೇಲಿನ ಬಟ್ಟೆ ಕಾಣುತ್ತಿತ್ತು. ಇನ್ನೊಂದು ಗೋಡೆಯ ಆಚೆ ದತ್ತಪ್ಪ ಕಿವಿ ಚಾಚಿ ನಿಂತಿದ್ದ, ಅವನ ಬೀಡಿಯ ಹೊಗೆ ಕಾಣುತ್ತಿತ್ತು. ಹೆಣ್ಣುಮಕ್ಕಳು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಬಿಟ್ಟುಹೋದ ಗಂಡನಿಗೆ ಒಡಪು ಹೇಳುತ್ತಾಳೋ ಇಲ್ಲವೋ ಎಂದು ಎಲ್ಲರಿಗೂ ಕುತೂಹಲ. ಎದ್ದು ನಿಲ್ಲುವ ತನಕ ನನಗೂ ಗೊತ್ತಿರಲಿಲ್ಲ. ನನ್ನ ನಾಲಿಗೆಯ ಮೇಲೆ ಎರಡು ಒಡಪು ಇದ್ದವು. ಹೇಳದೆ ಉಳಿಸಿದ್ದನ್ನು ನಿಮಗಾಗಿ ಇಲ್ಲಿ ಬರೆಯುತ್ತೇನೆ.

ತಾಟಿನ್ಯಾಗ ಬೆಲ್ಲದ ಕೂಡ ಕಲಸೀನಿ ಬಿಳಿ ಎಳ್ಳ,
ಹಣಮಂತರಾಯರು ಕರದರಂತ ಬಂದವನ ಎದಿಮ್ಯಾಲ ಬಾವಿ ಕಲ್ಲ.

ಹೇಗಿದೆ? ಪ್ರಾಸ ಚೆನ್ನಾಗಿ ಕೂತಿದೆ ಎಂದು ನನಗನಿಸುತ್ತದೆ. ಹೇಳಿದ್ದು ಇದು.

ತಾಟಿನ್ಯಾಗ ಎಳ್ಳ-ಬೆಲ್ಲ, ಬಟ್ಟಲದಾಗ ಹಾಲ,
ಹಣಮಂತರಾಯರು ಗೆದ್ದ ಬಂದರ ಹಡೆಯೋರಿಗಿ ಒಳ್ಳೆ ಕಾಲ.

ಹೆಣ್ಣುಮಕ್ಕಳು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ಪಾರ್ವತೀಬಾಯಿ ಇನ್ನೂ ಗಂಡನ ಮೇಲೆ ಜೀವ ಇಟ್ಟುಕೊಂಡಿದ್ದಾಳೆ ಎಂದು ನೀಲಗಂಗಮ್ಮ ಕಣ್ಣೊರೆಸಿಕೊಂಡಳು. ಗೋಡೆಯ ಆಚೆ ಬೀಡಿಯ ಹೊಗೆ ಓಡಿಹೋಯಿತು. ಸಂಜೆಯೊಳಗೆ ಆ ಒಡಪು ಬೀಸುವ ಕಲ್ಲಿನ ಮುಂದೆ, ನೀರಿನ ಹಾದಿಯಲ್ಲಿ, ಎಲ್ಲರ ಬಾಯಲ್ಲಿ ಇತ್ತು. ನಾನು ಮನೆಗೆ ಬಂದು ಬಾಯಿ ಮುಕ್ಕಳಿಸಿದೆ, ಎಷ್ಟು ಮುಕ್ಕಳಿಸಿದರೂ ಎಳ್ಳಿನ ಜಿಡ್ಡು ಹೋಗಲಿಲ್ಲ.

ವೋಟಿನ ದಿನ ಶಾಲೆಯ ಬಾಗಿಲಲ್ಲಿ ಕಾರಕೂನ ಕೂತಿದ್ದ. ನನ್ನ ಹೆಸರು ಕೇಳಿದ, ಹೇಳಿದೆ. ಗಂಡನ ಹೆಸರು ಕೇಳಿದ. ಹಿಂದೆ ತಿರುಗಿ ನೋಡಿದೆ. ಅವನು ಮತ್ತೆ ಕೇಳಿದ, ಸಾಲು ದೊಡ್ಡದಿದೆ ಬೇಗ ಹೇಳಿ ಎಂದ. ಒಡಪು ಕಟ್ಟಲು ಅದು ಜಾಗವಲ್ಲ. ಹಿಂದಿದ್ದ ಬಂಡೆಮ್ಮ ನನ್ನ ಪರವಾಗಿ, ಅವರ ಗಂಡನ ಹೆಸರು ಒಳಗೆ ಡಬ್ಬಿಯ ಮೇಲೇ ಇದೆ, ಹೋಗಿ ಓದಿಕೊಳ್ಳಿ ಸಾಹೇಬರೇ ಎಂದಳು. ಕಾರಕೂನ ಈ ಕಡೆಯವನೇ, ಕೂಡಲೇ ತಿಳಿದು ನಕ್ಕುಬಿಟ್ಟ, ಚೀಟಿ ಕೊಟ್ಟು ಬೆರಳಿಗೆ ಮಸಿ ಹಚ್ಚಿದ. ಎಷ್ಟು ಸಲೀಸಾಗಿ ತಿಳಿದುಕೊಂಡ ನೋಡಿ. ಆ ದಿನ ಚಾವಡಿಯಲ್ಲಿ ಇಂಥವನೊಬ್ಬ ದುಭಾಷಿಯಾಗಿ ಕೂತಿದ್ದರೆ ನೀವು ಈಗ ಎಲ್ಲಿರುತ್ತಿದ್ದಿರೋ.

ಪರದೆಯ ಹಿಂದೆ ಡಬ್ಬಿಗಳಿದ್ದವು. ದೇಶಮುಖರದಕ್ಕೆ ಕೊಡೆಯ ಚಿತ್ರ, ನಿಮ್ಮದಕ್ಕೆ ಏಣಿ. ಅಲ್ಲಿ ಖಾಜಾಬಿ ಇರಲಿಲ್ಲ, ಬಂಡೆಮ್ಮ ಇರಲಿಲ್ಲ. ಯಾವುದಕ್ಕೆ ಹಾಕಿದೆ ಎಂದು ದೇವರ ಹೊರತು ಯಾರಿಗೂ ತಿಳಿಯುವುದಿಲ್ಲ. ಹಾಗಿದ್ದೂ ಏಣಿಯ ಡಬ್ಬಿಗೇ ಹಾಕಿದೆ. ನಮ್ಮ ಓಣಿಯ, ಖಾಜಾಬಿಯ ಓಣಿಯ ಹೆಂಗಸರೆಲ್ಲ ಅದಕ್ಕೇ ಹಾಕಿದ್ದಾರೆ. ಬಂಡೆಮ್ಮ ಹಾಕಿ ಕೈಮುಗಿದೂ ಬಂದಳಂತೆ.

ಬಂಡೆಮ್ಮ ಹಾಕಿದ್ದು ತನ್ನ ಕೈ ಸಾಲದೆಂದು, ಖಾಜಾಬಿ ಹಾಕಿದ್ದು ಮಗಳಿಗಾಗಿ. ನಾನು ಹಾಕಿದ್ದಕ್ಕೆ ಇವೆರಡೂ ಕಾರಣ ಹೌದು, ಅವುಗಳ ಮೇಲೆ ನನ್ನದೇ ಒಂದು ಇದೆ. ಸೋತರೆ ನೀವು ಬಾಳೆಹಣ್ಣು ಮಾರಿಕೊಂಡು ಸುಖವಾಗಿರುತ್ತೀರಿ. ಬಾಳೆಹಣ್ಣು ಮಾರುವವನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದರೆ ಯಾರು ಕೇಳಬೇಕು? ಅದಕ್ಕೇ ನೀವು ಗೆಲ್ಲಬೇಕು. ಹೈದರಾಬಾದಿನ ವಿಧಾನಸಭೆಯಲ್ಲಿ ಕೂರಬೇಕು, ಪತ್ರಿಕೆಗಳಲ್ಲಿ ಬರಬೇಕು. ಏಣಿ ನಿಮ್ಮದು, ಎಷ್ಟು ಮೆಟ್ಟಿಲು ಬೇಕೋ ಅಷ್ಟು ಹತ್ತಿ. ಕೆಳಗೆ ಅದನ್ನು ಹಿಡಿದು ನಿಂತವಳು ನಾನು ಎಂಬುದು ಮರೆಯದಿರಲಿ.

ಈಗ ನನ್ನ ಕರಾರು. ಮಹಡಿಯ ಕೋಣೆ ಬೇಡ, ಆಕೆಗೇ ಇರಲಿ, ಬಟ್ಟೆ ಒಣಗಿಸಲಿ. ಗೆದ್ದ ವಾರದಲ್ಲಿ ಡಾಕ್ಟರಮ್ಮ ಚಾವಡಿಗೆ ಬರಬೇಕು. ತೋಟ ಖಾಜಾಬಿಗೆ ಹೋಗಬೇಕು, ಅದರ ಒಂದು ಮೂಲೆಯಲ್ಲಿ ದವಾಖಾನೆ ಏಳಬೇಕು. ಬಾಗಿಲ ಮೇಲೆ ನಬಿಸಾಬನ ಹೆಸರಿರಬೇಕು. ಬಾಗಿಲು ತೆರೆಯುವ ದಿನ ಊರೆಲ್ಲ ಸೇರಿದಾಗ ಆ ಹೆಸರನ್ನು ನಿಮ್ಮ ಬಾಯಿಂದಲೇ ಓದಬೇಕು, ಬಾವಿಯ ಕಡೆ ಮುಖ ಮಾಡಿ. ಒಮ್ಮೆ ಮೆತ್ತಗೆ ಕರೆದಿದ್ದೀರಿ, ಈಗ ಗಟ್ಟಿಯಾಗಿ ಕರೆಯಿರಿ. ಇಷ್ಟಾದರೆ ನಾನು ಪತಿವ್ರತೆ, ಸಾಯುವ ತನಕ ನಿಮ್ಮ ಹೆಸರು ಎತ್ತುವುದಿಲ್ಲ. ಇದರಲ್ಲಿ ಒಂದು ತಪ್ಪಿದರೂ ಎತ್ತುತ್ತೇನೆ. ಪ್ರತಿದಿನ ಬೆಳಗ್ಗೆ ಏಳುವಾಗ, ಇವತ್ತು ಅವಳು ಹೇಳುತ್ತಾಳೋ ಎಂದು ನೀವು ಒಂದು ಗಳಿಗೆ ನೆನೆಯಬೇಕು. ಮೂರು ವರ್ಷ ನೀವು ನನ್ನನ್ನು ನೆನೆಯಲಿಲ್ಲ, ಇನ್ನು ಮೇಲೆ ನೆನೆಯಿರಿ.

ಚಳಿ ಬಹಳ ಇದೆ. ಕಂಬಳಿ ಹೊದ್ದುಕೊಂಡು ಮಲಗಿ.

ನಿಮ್ಮ ಕೈಹಿಡಿದವಳು,
ಸೌ. ಪಾರ್ವತೀಬಾಯಿ

ಮರೆತ ಮಾತು:

ಮೇಲಿನದು ನಿನ್ನೆ ಬರೆದದ್ದು. ದತ್ತಪ್ಪ ನಿನ್ನೆ ಬರಲಿಲ್ಲ, ಹಾಗಾಗಿ ಪತ್ರ ನನ್ನಲ್ಲೇ ಉಳಿಯಿತು. ಇವತ್ತು ಹೊತ್ತು ಮೂಡುವಾಗ ಬೀಬೀಜಾನಳಿಗೆ ದಿನ ತುಂಬುವ ಮುಂಚೆಯೇ ನೋವು ಬಂತು. ಬಂಡೆಮ್ಮ ಬಹಳ ಹೊತ್ತು ಹೆಣಗಿ, ನನ್ನ ಕೈ ಮೀರಿತು ಎಂದಳು. ಗಾಡಿ ಕಟ್ಟಿ ಕಲಬುರ್ಗಿಗೆ ಹೊರಟರು, ನಾನೂ ಹೋದೆ. ದಾರಿಯ ಮಹಾಗಾಂವ ಇನ್ನೂ ದೂರವಿರುವಾಗಲೇ ಗಾಡಿಯನ್ನು ತಿರುಗಿಸಬೇಕಾಯಿತು. ಕೂಸು ಹೊರಗೆ ಬರಲೇ ಇಲ್ಲ, ತಾಯಿಯ ಸಂಗಡವೇ ಹೋಯಿತು.

ಗಂಡಸರು ಮಣ್ಣು ಮಾಡಿ ಬಂದ ಮೇಲೆ ಖಾಜಾಬಿ ನಮ್ಮ ಮನೆಗೆ ಬಂದಳು. ಇನ್ನು ಬಾಯಿ ಮುಚ್ಚಿಕೊಳ್ಳುವುದು ಯಾರ ಸಲುವಾಗಿ ಎಂದು ಕೇಳಿದಳು. ಆದ್ದರಿಂದ ಮೇಲೆ ಬರೆದ ಕರಾರು ರದ್ದಾಗಿದೆ. ದವಾಖಾನೆ ಕಟ್ಟಿಸುವುದು ಬಿಡುವುದು ನಿಮ್ಮ ಧರ್ಮ, ಅದರಿಂದ ನನ್ನ ಬಾಯಿ ಇನ್ನು ಮುಚ್ಚುವುದಿಲ್ಲ.

ಎಣಿಕೆಯ ದಿನ ನಾವಿಬ್ಬರೂ ಕಲಬುರ್ಗಿಗೆ ಬರುತ್ತೇವೆ. ಗೆದ್ದವರ ಹೆಸರನ್ನು ಅಧಿಕಾರಿಗಳೇ ಜನರ ಮುಂದೆ ಕೂಗಿ ಹೇಳುತ್ತಾರಂತೆ, ಪೊಲೀಸರೂ ಪತ್ರಿಕೆಯವರೂ ಅಲ್ಲೇ ಇರುತ್ತಾರಂತೆ. ಅವರು ಕೂಗಿ ಮುಗಿಸಲಿ. ಆಮೇಲೆ ನಾನು ಹೇಳುತ್ತೇನೆ, ಪ್ರಾಸ ಇಲ್ಲದೆ, ಗಂಡನ ಹೆಸರು ಹೇಳಿದ ದೋಷ ನನಗೇ ಇರಲಿ. ಇದನ್ನು ಮುಂಚೆಯೇ ತಿಳಿಸಿದರೆ ನೀವು ಓಡಿಹೋಗುತ್ತೀರಿ ಎಂದು ಖಾಜಾಬಿಗೆ ಅಂಜಿಕೆ. ನನಗಿಲ್ಲ. ಗೆಲ್ಲುವ ಆಸೆ ಇರುವ ತನಕ ನೀವು ಆ ಅಂಗಳ ಬಿಟ್ಟು ಕದಲುವುದಿಲ್ಲ, ನಿಮ್ಮ ಸಂಗಡ ಸಂಸಾರ ಮಾಡಿದವಳು ನಾನು.

ಇವತ್ತು ದ್ವಾದಶಿ, ಏಕಾದಶಿಯ ಉಪವಾಸ ಬಿಟ್ಟು ಊಟ ಮಾಡಬೇಕಿತ್ತು. ಮಾಡಿಲ್ಲ. ನೀವು ಗೆದ್ದ ಸುದ್ದಿ ಕೇಳಿಯೇ ಉಣ್ಣುತ್ತೇನೆಂದು ವೆಂಕಟರಮಣನಿಗೆ ಹರಕೆ ಹೊತ್ತಿದ್ದೇನೆ.